ತೂಕದ ಚೀಟಿ ನೋಡಿದ ಪೋಷಕರಿಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಹೋದ ವಾರ ಶಾಲೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಎತ್ತರ, ತೂಕ ಬರೆದ ಚೀಟಿಯನ್ನು ಮಕ್ಕಳ ಕೈಯಲ್ಲೇ ಮನೆಗೆ ಕಳಿಸಿದೆವು. ಮಗುವಿನ ತೂಕ ಜಾಸ್ತಿ ಇದೆ ಅಂತ ಮಾರನೇ ದಿನದಿಂದ ನನಗೆ ಒಂದೇ ಸಮನೆ ಫೋನ್ ಬರುತ್ತಿದೆ. "ಮೇಡಂ, ಮಗನ್ನ ಜಿಮ್‌ಗೆ ಸೇರಿಸಲಾ?" ಅಂತ ಒಬ್ಬರು. "ರಾತ್ರಿ ಊಟ ನಿಲ್ಲಿಸಿಬಿಟ್ಟಿದ್ದೀವಿ" ಅಂತ ಇನ್ನೊಬ್ಬರು. "ನಮ್ಮ ಮನೇಲಿ ಎಲ್ಲರೂ ಹೀಗೇ, ಬಿಡಿ" ಅಂತ ಮತ್ತೊಬ್ಬರು. ಎಲ್ಲರಿಗೂ ಫೋನಿನಲ್ಲಿ ಅರ್ಧಂಬರ್ಧ ಉತ್ತರ ಕೊಡುವುದಕ್ಕಿಂತ ಕೂತು ಬರೆಯೋಣ ಅನ್ನಿಸಿತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಚೀಟಿಯನ್ನು ಮಕ್ಕಳ ಕೈಗೆ ಕೊಡಬಾರದಿತ್ತು. ವ್ಯಾನ್‌ನಲ್ಲಿ ಒಬ್ಬರ ಚೀಟಿ ಒಬ್ಬರು ಕಿತ್ತುಕೊಂಡು ಜೋರಾಗಿ ಓದಿದ್ದಾರೆ. ಒಬ್ಬ ಹುಡುಗ ಅವತ್ತಿನಿಂದ ಖೋಖೋ ಆಡಲು ಬಂದಿಲ್ಲ, ಹೊಟ್ಟೆ ನೋವು ಅಂತ ಕ್ಲಾಸಿನಲ್ಲೇ ಕೂರುತ್ತಾನೆ. ಮುಂದಿನ ಸಲ ಕವರ್‌ಗೆ ಹಾಕಿ ನಿಮ್ಮ ಕೈಗೇ ಕೊಡುತ್ತೇವೆ.

ಚೀಟಿ ಓದುವ ಬಗ್ಗೆ ಒಂದು ಮಾತು. ದೊಡ್ಡವರಿಗೆ ಇರುವ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಹೊಂದುತ್ತದೋ ಅಂತ ನೋಡುವ ಲೆಕ್ಕವನ್ನು ಮಕ್ಕಳಿಗೆ ಹಾಗೇ ಹಾಕಬೇಡಿ. ಮೊಬೈಲ್ ಆ್ಯಪ್‌ನಲ್ಲಿ ನಂಬರ್ ಒತ್ತಿ ನೋಡಿ ಗಾಬರಿ ಆಗಬೇಡಿ. ಮಕ್ಕಳ ತೂಕವನ್ನು ಅವರ ವಯಸ್ಸು, ಗಂಡೋ ಹೆಣ್ಣೋ ಅನ್ನುವುದರ ಜೊತೆ ಇಟ್ಟು ಚಾರ್ಟ್‌ನಲ್ಲಿ ನೋಡಬೇಕು. ಮೈ ನೆರೆಯುವ ವಯಸ್ಸಿನಲ್ಲಿ ಸ್ವಲ್ಪ ತುಂಬಿಕೊಂಡು ಆಮೇಲೆ ಎತ್ತರ ಆಗುವ ಮಕ್ಕಳೂ ಇದ್ದಾರೆ. ಚೀಟಿಯಲ್ಲಿ ಕೆಂಪು ಗುರುತು ಇದ್ದರೆ ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬನ್ನಿ, ಅಷ್ಟು ಸಾಕು. ಥೈರಾಯ್ಡ್ ಇರಬಹುದು ಅಂತ ತುಂಬಾ ಜನ ಕೇಳಿದಿರಿ. ಇರಬಹುದು, ಆದರೆ ಅದು ಅಪರೂಪ. ವಂಶದಿಂದ ಬರುವುದೂ ನಿಜ. ಆದರೆ ನಮ್ಮ ಅಜ್ಜ ಅಜ್ಜಿಯರಿಗೂ ಇದೇ ವಂಶವೇ ಇತ್ತು, ಅಲ್ವಾ? ಅವರ ಕಾಲದಲ್ಲಿ ಒಂದು ಕ್ಲಾಸಿನಲ್ಲಿ ಇಷ್ಟು ಮಕ್ಕಳು ಹೀಗಿರಲಿಲ್ಲ. ಬದಲಾಗಿರುವುದು ದಿನ.

ಆ ದಿನ ಹೇಗಿದೆ ಅಂತ ನಾನು ಏಳನೇ ತರಗತಿಯ ಮಕ್ಕಳಿಂದಲೇ ಬರೆಸಿದೆ. ಬೆಳಗ್ಗೆ ಎದ್ದ ಕೂಡಲೇ ಟೀ, ಬಿಸ್ಕೆಟ್. ಅಪ್ಪ ನರಸಾಪುರದ ಫ್ಯಾಕ್ಟರಿ ಶಿಫ್ಟಿಗೆ ಕತ್ತಲಲ್ಲೇ ಹೋಗಿರುತ್ತಾರೆ, ಇಲ್ಲವೇ ಬೆಂಗಳೂರಿಗೆ ಬಸ್ ಹಿಡಿದಿರುತ್ತಾರೆ. ಅಮ್ಮನೂ ಕೆಲಸಕ್ಕೆ ಹೊರಡುವ ಆತುರ. ಹತ್ತು ರೂಪಾಯಿ ಕೈಗೆ ಬರುತ್ತದೆ. ವ್ಯಾನ್ ಮನೆ ಬಾಗಿಲಿಗೇ ಬರುತ್ತದೆ. ಶಾಲೆಯಲ್ಲಿ ಬೆಂಚು. ಸಂಜೆ ಟ್ಯೂಷನ್, ಅಲ್ಲೂ ಬೆಂಚು. ಟ್ಯೂಷನ್‌ಗೆ ಹೋಗುವ ದಾರಿಯಲ್ಲಿ ಒಂದು ಪ್ಯಾಕೆಟ್ ಅಥವಾ ಗೋಬಿ. ಮನೆಗೆ ಬಂದರೆ ಫೋನ್. ಅಪ್ಪ ಅಮ್ಮ ಬರುವುದು ಒಂಬತ್ತಕ್ಕೆ, ಊಟ ಹತ್ತಕ್ಕೆ, ಮಲಗುವುದು ಹನ್ನೊಂದೂವರೆಗೆ. ಒಬ್ಬಳು ಮಗು ಕೊನೆಯಲ್ಲಿ ಬರೆದಿದ್ದಳು: "ಭಾನುವಾರ ಆಟ ಆಡ್ತೀನಿ, ಬೇರೆ ದಿನ ಟೈಮ್ ಇಲ್ಲ." ಹನ್ನೆರಡು ವರ್ಷದ ಮಗುವಿಗೆ ಆಡಲು ಟೈಮ್ ಇಲ್ಲ. ಆ ಹಾಳೆಯನ್ನು ನಾನು ಇನ್ನೂ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ.

ಈ ದಿನವನ್ನು ಮಗು ಮಾಡಿಕೊಂಡಿದ್ದಲ್ಲ. ನೀವು ನಾವು ಸೇರಿ ಮಾಡಿದ್ದು. ಅದಕ್ಕೇ "ತಿನ್ನೋದು ಕಡಿಮೆ ಮಾಡು, ಸೋಮಾರಿ" ಅಂತ ಮಗುವಿಗೆ ಬೈದರೆ ಏನೂ ಆಗುವುದಿಲ್ಲ.

ನಿದ್ದೆ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಆದ್ದರಿಂದ ಹೇಳುತ್ತೇನೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹೈಸ್ಕೂಲ್ ಮಕ್ಕಳಿಗೆ 8ರಿಂದ 10 ಗಂಟೆ. ಹನ್ನೊಂದೂವರೆಗೆ ಮಲಗಿ ಆರಕ್ಕೆ ಎದ್ದರೆ ಆರೂವರೆ ಗಂಟೆ ಆಯಿತು. ನಿದ್ದೆ ಸಾಲದಿದ್ದರೆ ಹಸಿವು ತರಿಸುವ ಹಾರ್ಮೋನ್ ಜಾಸ್ತಿ ಆಗುತ್ತದೆ, ಹೊಟ್ಟೆ ತುಂಬಿತು ಅನ್ನಿಸುವ ಹಾರ್ಮೋನ್ ಕಡಿಮೆ ಆಗುತ್ತದೆ. ಮಾರನೇ ದಿನ ಮಗು ಸಿಹಿ, ಕರಿದದ್ದು ಹುಡುಕಿಕೊಂಡು ಹೋಗುತ್ತದೆ. ಅದು ಆಸೆಬುರುಕತನ ಅಲ್ಲ, ದೇಹ ಕೇಳುತ್ತಿರುವುದು. ನಿಮ್ಮ ಶಿಫ್ಟ್ ಬದಲಾಯಿಸಿ ಅಂತ ನಾನು ಹೇಳಲಾರೆ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ನೀವು ಬರುವವರೆಗೂ ಮಗು ಊಟಕ್ಕೆ ಕಾಯಬೇಕಿಲ್ಲ. ಎಂಟಕ್ಕೆ ಅದಕ್ಕೆ ಬಡಿಸುವ ಹಾಗೆ ಮಾಡಿ, ಅಜ್ಜಿ ಇದ್ದರೆ ಅವರಿಗೆ ಹೇಳಿ, ಒಂಬತ್ತೂವರೆಗೆ ದೀಪ ಆರಿಸಲಿ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಇನ್ನು ಪ್ಯಾಕೆಟ್. ಒಂದು 250 ಮಿಲಿ ಕೂಲ್‌ಡ್ರಿಂಕ್‌ನಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ. ಐದಾರು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸುಮಾರು ಇಷ್ಟರ ಒಳಗೆ ಇದ್ದರೆ ಒಳ್ಳೆಯದು ಅನ್ನುವುದು ಇಡೀ ದಿನದ ಸಕ್ಕರೆಗೆ, ಟೀ, ಬಿಸ್ಕೆಟ್ ಎಲ್ಲಾ ಸೇರಿ. ಒಂದೇ ಬಾಟಲಿಗೆ ಆ ಲೆಕ್ಕ ಮುಗಿದುಹೋಯಿತು. 50 ಗ್ರಾಂ ಚಿಪ್ಸ್ ತಿಂದು ಅದನ್ನು ನಡೆದು ಕರಗಿಸಬೇಕೆಂದರೆ ನಿಮ್ಮ ಮಗು ಒಂದು ಗಂಟೆಗೂ ಜಾಸ್ತಿ ನಡೆಯಬೇಕು. ಯಾವ ಮಗು ನಡೆಯುತ್ತದೆ ಹೇಳಿ? ಹಿಂಬದಿಯ ಸಣ್ಣ ಅಕ್ಷರ ಓದುವ ಅಭ್ಯಾಸ ಮಾಡಿಸಿ. ಯಾವುದು ಜಾಸ್ತಿ ಹಾಕಿದ್ದಾರೋ ಅದರ ಹೆಸರು ಮೊದಲು ಬರೆದಿರಬೇಕು, ಅದು ನಿಯಮ. "ರಾಗಿ ಬಿಸ್ಕೆಟ್" ಅಂತ ದೊಡ್ಡದಾಗಿ ಬರೆದು, ಹಿಂದೆ ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೊದಲಿಗೆ ಬಂದು, ರಾಗಿ ಎಲ್ಲೋ ಕೊನೆಗೆ ಇರುವುದನ್ನು ನಾನೇ ನೋಡಿದ್ದೇನೆ. ಮಕ್ಕಳಿಗೆ ಇದು ಆಟದ ಹಾಗೆ, ಬೇಗ ಕಲಿಯುತ್ತಾರೆ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿಯನ್ನು ಮಕ್ಕಳಿಗೆ ಮಾರಬಾರದು ಅಂತ 2020ರಲ್ಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ನಮ್ಮ ಎದುರಿನ ಅಂಗಡಿ ಅದರ ಒಳಗೇ ಇದೆ. ಅಂಗಡಿಯವರ ಜೊತೆ ಎರಡು ಸಲ ಕೂತು ಮಾತಾಡಿದ್ದೇನೆ. ಅವರದೂ ಜೀವನ ಅದರಲ್ಲೇ. ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಸೌತೆಕಾಯಿ ಇಡುತ್ತೇನೆ ಅಂದಿದ್ದಾರೆ. ಹತ್ತು ರೂಪಾಯಿ ಕೊಡಲೇಬೇಕು ಅನ್ನುವವರು ಅದನ್ನು ಕೊಂಡುಕೋ ಅಂತ ಹೇಳಿ ಕಳಿಸಿ, ಇಲ್ಲದಿದ್ದರೆ ಆ ಅಂಗಡಿ ಮತ್ತೆ ಪ್ಯಾಕೆಟ್‌ಗೇ ವಾಪಸ್ ಹೋಗುತ್ತದೆ.

ಮನೆ ಊಟದ ಬಗ್ಗೆ ನಾನು ಹೊಸದಾಗಿ ಏನು ಹೇಳಲಿ, ನಮ್ಮದು ಕೋಲಾರ. ಮುದ್ದೆ, ಬಸ್ಸಾರು, ಬೆರಕೆ ಸೊಪ್ಪು, ಹುರುಳಿಕಾಳು, ಚಳಿಗಾಲ ಬಂದರೆ ಸೊಗಡವರೆ, ಹಿತಕಿದ ಬೇಳೆ. ಇದಕ್ಕಿಂತ ಒಳ್ಳೆಯ ಡಯಟ್ ಚಾರ್ಟ್ ಯಾರೂ ಬರೆದುಕೊಡಲಾರರು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 360 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಕ್ಯಾಲ್ಸಿಯಂ ಹೆಸರಿಗಷ್ಟೇ. ಆದರೆ ಒಂದು ವಿಷಯ ನೇರವಾಗಿ ಹೇಳಬೇಕು. "ಮುದ್ದೆ ತಿಂದರೆ ದಪ್ಪ ಆಗಲ್ಲ" ಅನ್ನುವುದು ಪೂರ್ತಿ ಸರಿ ಅಲ್ಲ. ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ನಮ್ಮ ತಾತ ಎರಡು ದೊಡ್ಡ ಮುದ್ದೆ ನುಂಗಿ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದರು, ಸಂಜೆವರೆಗೂ ಹೊಲದಲ್ಲೇ. ಅದೇ ಎರಡು ಮುದ್ದೆ ತಿಂದು ಸೋಫಾ ಮೇಲೆ ಕೂತರೆ ಲೆಕ್ಕ ಬೇರೆ. ಮಗುವಿಗೆ ಅದರ ಕೈಗೆ ತಕ್ಕಷ್ಟು ಮುದ್ದೆ, ಜೊತೆಗೆ ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿ, ಒಂದು ಹಿಡಿ ಕಾಳು. ಮೊಟ್ಟೆ ತಿನ್ನುವವರು ಮೊಟ್ಟೆ ಕೊಡಿ. ಟೊಮೆಟೊ ಬೆಲೆ ಬಿದ್ದಾಗ ನಮ್ಮಲ್ಲಿ ರಸ್ತೆಗೆ ಸುರಿಯುತ್ತಾರೆ, ಅದೇ ಹೊತ್ತಿಗೆ ಮಕ್ಕಳ ಡಬ್ಬಿಯಲ್ಲಿ ಒಂದು ತುಂಡು ತರಕಾರಿ ಇರುವುದಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಊಟ ನಿಲ್ಲಿಸಿದ್ದೀವಿ ಅಂದವರಿಗೆ ಕೈಮುಗಿದು ಕೇಳುತ್ತೇನೆ, ದಯವಿಟ್ಟು ಬೇಡ. ಬೆಳೆಯುವ ಮಗುವನ್ನು ಉಪವಾಸ ಕೆಡವಬಾರದು. ಸಾಮಾನ್ಯವಾಗಿ ಮಕ್ಕಳಲ್ಲಿ ತೂಕ ಇಳಿಸುವುದಕ್ಕಿಂತ ಇರುವ ತೂಕ ಏರದ ಹಾಗೆ ನೋಡಿಕೊಂಡರೆ ಸಾಕು, ಎತ್ತರ ಬೆಳೆದ ಹಾಗೆ ಅದು ತಾನೇ ಸರಿಹೋಗುತ್ತದೆ. ರಾತ್ರಿ ಊಟ ಕಿತ್ತುಕೊಂಡರೆ ಮಗು ಕದ್ದು ತಿನ್ನುವುದನ್ನು ಕಲಿಯುತ್ತದೆ. ಬಾತ್‌ರೂಮಿನಲ್ಲಿ ನಿಂತು ಬಿಸ್ಕೆಟ್ ತಿನ್ನುತ್ತಿದ್ದ ಒಂದು ಮಗುವನ್ನು ನಾನು ಕಂಡಿದ್ದೇನೆ. ನನ್ನನ್ನು ನೋಡಿದಾಗ ಅದರ ಮುಖ ಹೇಗಾಯಿತು ಅಂತ ನಿಮಗೆ ಹೇಳಲು ಆಗುವುದಿಲ್ಲ.

ಈಗ ಜಿಮ್. ಜಿಮ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತೂಕ ಎತ್ತಿದರೆ ಮಕ್ಕಳು ಕುಳ್ಳಗೆ ಉಳಿಯುತ್ತಾರೆ ಅನ್ನುವ ಮಾತಿಗೂ ಆಧಾರ ಇಲ್ಲ. ಗೊತ್ತಿರುವವರು ಪಕ್ಕದಲ್ಲಿ ನಿಂತು, ಹಗುರದಿಂದ ಶುರು ಮಾಡಿ, ಸರಿಯಾಗಿ ಹೇಳಿಕೊಟ್ಟರೆ ಹೈಸ್ಕೂಲ್ ಮಕ್ಕಳಿಗೆ ಒಳ್ಳೆಯದೇ. ನಮ್ಮ ಊರಿನಲ್ಲಿ ಎಷ್ಟು ಕಡೆ ಹಾಗೆ ನಿಲ್ಲುತ್ತಾರೆ, ನೀವೇ ಹೋಗಿ ನೋಡಿ. ಒಂಬತ್ತನೇ ತರಗತಿಯ ಇಬ್ಬರು ಹುಡುಗರು ಫೋನಿನಲ್ಲಿ ವಿಡಿಯೋ ನೋಡಿಕೊಂಡು ಭಾರ ಎತ್ತುತ್ತಿದ್ದರು, ಒಬ್ಬನಿಗೆ ಸೊಂಟ ಹಿಡಿದು ವಾರ ಮಲಗಿದ. ಅದಕ್ಕಿಂತ ನನಗೆ ಭಯ ಆಗುವುದು ಡಬ್ಬದ ಪುಡಿಯದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೇ ಪ್ರೋಟೀನ್ ಪುಡಿ ಬೇಡ ಅಂತ ಹೇಳಿದೆ. ದೊಡ್ಡವರಿಗೇ ಬೇಡ ಅಂದ ಮೇಲೆ ಹದಿನಾಲ್ಕು ವರ್ಷದವನಿಗೆ ಯಾಕೆ? 100 ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂಗೂ ಜಾಸ್ತಿ ಪ್ರೋಟೀನ್ ಇದೆ, ಕಡಲೆಕಾಯಿ ಬೀಜದಲ್ಲಿ ಇನ್ನೂ ಜಾಸ್ತಿ. ಪುಡಿಗೆ ಕೊಡುವ ದುಡ್ಡಿನಲ್ಲಿ ಮನೆಮಂದಿಗೆಲ್ಲಾ ತಿಂಗಳು ಪೂರ್ತಿ ಕಾಳು ಬರುತ್ತದೆ. ಮೈ ಕಟ್ಟಲು ಇಂಜೆಕ್ಷನ್, ಮಾತ್ರೆ ತಗೋ ಅಂತ ಯಾರಾದರೂ ಹೇಳಿದರೆ ಆ ಜಾಗದಿಂದ ಮಗನನ್ನು ಅವತ್ತೇ ಬಿಡಿಸಿ.

ಮತ್ತೆ, ಜಿಮ್‌ಗೆ ಒಂದು ಗಂಟೆ ಕಳಿಸಿ ಉಳಿದ ದಿನವನ್ನು ಹಾಗೇ ಬಿಟ್ಟರೆ ಏನೂ ಬದಲಾಗುವುದಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದೇ ಸಲ ಆಗಬೇಕಿಲ್ಲ. ಕಬಡ್ಡಿ, ಸ್ಕಿಪ್ಪಿಂಗ್, ಸೈಕಲ್, ಜೋರು ನಡಿಗೆ, ಎಲ್ಲಾ ಸೇರಿ. ವ್ಯಾನ್ ಎರಡು ಸ್ಟಾಪ್ ಹಿಂದೆಯೇ ಇಳಿಸಲಿ, ನಾಲ್ಕೈದು ಮಕ್ಕಳು ಒಟ್ಟಿಗೆ ನಡೆದು ಬರಲಿ. ಇದಕ್ಕೆ ಫೀಸ್ ಇಲ್ಲ.

ತಾಯಂದಿರಿಗೆ ಒಂದು ಮಾತು. ಕುತ್ತಿಗೆ ಹಿಂದೆ, ಕಂಕುಳಲ್ಲಿ ಕಪ್ಪಗೆ ಮಖಮಲ್ ಹಾಗೆ ದಪ್ಪ ಆಗಿದ್ದರೆ ಅದು ಕೊಳೆ ಅಲ್ಲ. ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಬೇಡಿ, ಮಗುವಿಗೆ ಉರಿ ಅಷ್ಟೇ. ದಪ್ಪ ಇರುವ ಮಕ್ಕಳಲ್ಲಿ ಅದು ಹೆಚ್ಚಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು, ಸಕ್ಕರೆ ಕಾಯಿಲೆಗೆ ಮುಂಚೆ ಬರುವ ಸೂಚನೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುವ, ಹಗಲು ತೂಕಡಿಸುವ ಮಕ್ಕಳನ್ನೂ ಡಾಕ್ಟರಿಗೆ ತೋರಿಸಿ.

ಡುಮ್ಮ, ಗುಂಡು, ಡ್ರಮ್ಮು. ಪ್ರೀತಿಯಿಂದಲೇ ಕರೆಯುತ್ತೀರಿ, ಗೊತ್ತು. ಮನೆಯಲ್ಲಿ ಕರೆದ ಹೆಸರು ಶಾಲೆಗೆ ಬರುತ್ತದೆ. ಇವತ್ತೇ ನಿಲ್ಲಿಸಿ. ಮದುವೆಮನೆಯಲ್ಲಿ ಯಾರಾದರೂ ನೆಂಟರು ಹಾಗೆ ಕರೆದರೆ ನೀವು ಮಗುವಿನ ಪಕ್ಕ ನಿಂತು ಬೇಡ ಅನ್ನಿ.

ನಮ್ಮ ಕಡೆಯಿಂದ ಏನು ಮಾಡುತ್ತೇವೆ ಅಂತಲೂ ಹೇಳಬೇಕು. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ, ವಿಜ್ಞಾನಕ್ಕೆ ಕೊಟ್ಟುಬಿಡುವ ಅಭ್ಯಾಸ ನಮ್ಮಲ್ಲಿ ವರ್ಷಗಳಿಂದ ಇದೆ, ಅದಕ್ಕೆ ಸಹಿ ಹಾಕಿದವಳು ನಾನೇ. ಸೋಮವಾರದಿಂದ ಹತ್ತನೇ ತರಗತಿಗೂ ಸೇರಿ ಯಾರೂ ಅದನ್ನು ಮುಟ್ಟುವಂತಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ಚಿಂತೆ ಇರುವವರು ಬಂದು ನನ್ನ ಜೊತೆ ಮಾತಾಡಿ. ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಮೈದಾನ ತೆರೆದಿರುತ್ತದೆ, ಒಬ್ಬರು ಶಿಕ್ಷಕರು ಇರುತ್ತಾರೆ. ಟ್ಯೂಷನ್‌ನವರಿಗೆ ಅರ್ಧ ಗಂಟೆ ತಡವಾಗಿ ಶುರು ಮಾಡಿ ಅಂತ ನೀವೂ ಕೇಳಿ, ನಾನೂ ಕೇಳುತ್ತೇನೆ. ಹುಟ್ಟಿದ ಹಬ್ಬಕ್ಕೆ ಚಾಕೊಲೇಟ್ ಹಂಚುವ ಬದಲು ಕ್ಲಾಸಿಗೆ ಒಂದು ಬಾಲ್ ಅಥವಾ ಸ್ಕಿಪ್ಪಿಂಗ್ ಹಗ್ಗ ಕೊಡಿ. ಬಿಸಿಯೂಟ, ರಾಗಿ ಮಾಲ್ಟ್ ಬಿಟ್ಟು ಮನೆಯಿಂದ ನೂಡಲ್ಸ್ ತರುವ ಮಕ್ಕಳಿದ್ದಾರೆ. ಅವರ ಮನೆಯವರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡುತ್ತೇನೆ.

ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಅಂತರಗಂಗೆ ಬೆಟ್ಟದ ಕೆಳಗೆ ಸೇರೋಣ. ಮಕ್ಕಳು ಮಾತ್ರ ಅಲ್ಲ, ನೀವೂ ಬನ್ನಿ. ನಿಧಾನವಾಗಿ ಮೆಟ್ಟಿಲು ಹತ್ತಿ, ಬಸವನ ಬಾಯಿಂದ ನೀರು ಬೀಳುವ ಕೊಳದ ಹತ್ತಿರ ಸ್ವಲ್ಪ ಕೂತು ಇಳಿದು ಬರೋಣ. ಯಾರಿಗೂ ಮೊದಲು ಮೇಲೆ ಮುಟ್ಟುವ ಪಂದ್ಯ ಇಲ್ಲ, ಯಾರಿಗೆ ಏದುಸಿರು ಬಂದರೂ ಅಲ್ಲೇ ಎಲ್ಲರೂ ನಿಲ್ಲುತ್ತೇವೆ. ತಿಂಡಿ ಪ್ಯಾಕೆಟ್ ತರಬೇಡಿ, ಅಲ್ಲಿ ಕೋತಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಒಂದು ಬಾಟಲಿ ನೀರು ಸಾಕು. ಇಳಿದು ಬಂದ ಮೇಲೆ ಬೇಯಿಸಿದ ಕಡಲೆಕಾಯಿ ಮತ್ತು ಮಜ್ಜಿಗೆ ಶಾಲೆಯ ಕಡೆಯಿಂದ ಇರುತ್ತದೆ. ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರದ ಒಳಗೆ ಡೈರಿಯಲ್ಲಿ ಬರೆದು ಕಳಿಸಿ.

ನಿಮ್ಮ,
ಮುಖ್ಯ ಶಿಕ್ಷಕಿ
ಕೋಲಾರ