ಕಬ್ಬಿಣಾಂಶದ ಪಟ್ಟಿಯಲ್ಲಿ ಕಾಣದ ಕಾಫಿ ಲೋಟ

ಮಾನ್ಯ ಸಂಪಾದಕರೇ,

ರಕ್ತಹೀನತೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಿಗೆ ಒಂದೇ ಅಚ್ಚು. ಬೀಟ್‌ರೂಟ್, ಖರ್ಜೂರ, ಬೆಲ್ಲ, ಪಾಲಕ್, ರಾಗಿ, ಎದುರಿಗೆ ಕಬ್ಬಿಣಾಂಶದ ಅಂಕಿ. ಮೊನ್ನೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದದ್ದೂ ಅದೇ. ಅಂಕಿಗಳಲ್ಲಿ ದೊಡ್ಡ ತಪ್ಪೇನಿಲ್ಲ. ಆದರೆ ಅವು ತಟ್ಟೆಯಲ್ಲಿ ಎಷ್ಟಿದೆ ಎಂದು ಹೇಳುತ್ತವೆಯೇ ಹೊರತು, ಉಂಡದ್ದರಲ್ಲಿ ಮೈಗೆ ದಕ್ಕುವುದೆಷ್ಟು ಎಂದು ಹೇಳುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 44.8 ಇತ್ತು. ಪಟ್ಟಿಗಳಿಗಂತೂ ನಡುವೆ ಬರ ಬಂದಿರಲಿಲ್ಲ.

ಮೊದಲು ಬೀಟ್‌ರೂಟ್. ಅದರ ಕೆಂಪಿಗೂ ರಕ್ತದ ಕೆಂಪಿಗೂ ನಂಟಿಲ್ಲ. 100 ಗ್ರಾಂ ಗೆಡ್ಡೆಯಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಊಟದ ಕೊನೆಗೆ ಬಾಯಿಗೆ ಹಾಕಿಕೊಳ್ಳುವ 10 ಗ್ರಾಂ ಬೆಲ್ಲದಲ್ಲಿ ಹೆಚ್ಚೆಂದರೆ ಅರ್ಧ ಮಿಲಿಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕ ಮಹಿಳೆಗೆ ನಿಗದಿ ಮಾಡಿದ್ದು ದಿನಕ್ಕೆ 29 ಮಿಲಿಗ್ರಾಂ. ಅಷ್ಟು ದೊಡ್ಡ ಅಂಕಿ ಯಾಕೆಂದರೆ, ಕಾಳು–ಧಾನ್ಯ–ಸೊಪ್ಪಿನ ಊಟದ ಕಬ್ಬಿಣದಲ್ಲಿ ಬಹುಪಾಲು ದಕ್ಕದೆ ಹೊರಗೆ ಹೋಗುತ್ತದೆ. ಹೀಗೆ ಹೋಗುವುದನ್ನು ತಡೆಯುವುದೇ ಮುಖ್ಯ ಕೆಲಸ.

ಅದಕ್ಕೆ ಅಡ್ಡ ಬರುವವರಲ್ಲಿ ಮೊದಲಿಗರು ಕಾಫಿ ಮತ್ತು ಟೀ. ಇವುಗಳಲ್ಲಿರುವ ಪಾಲಿಫಿನಾಲ್‌ ಎಂಬ ಒಗರು ಪದಾರ್ಥಗಳು ಕರುಳಿನಲ್ಲೇ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಹಾಲು ಬೆರೆಸಿದರೂ ಈ ಗುಣ ಹೋಗುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿ ಯುವತಿಯರಿಗೆ ಅನ್ನದ ಊಟ ಕೊಟ್ಟು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ಜೊತೆಗೆ ಕುಡಿದ ಒಂದು ಲೋಟ ಟೀ ಕಬ್ಬಿಣ ಹೀರಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ಎರಡು ಲೋಟ ಕುಡಿದಾಗ ಮೂರರಲ್ಲಿ ಎರಡು ಪಾಲು ನಷ್ಟ. ರಕ್ತಹೀನತೆ ಇದ್ದವರಿಗೂ ವಿನಾಯಿತಿ ಸಿಗಲಿಲ್ಲ.

ಹಾಗೆಂದು ಕಾಫಿ ಬಿಡಿ ಎಂದು ಹಳೇ ಮೈಸೂರಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಇಲ್ಲಿ ಮುಖ್ಯ ಕುಡಿಯುವ ಹೊತ್ತು. 1983ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಯಾವ ನಷ್ಟವೂ ಆಗಲಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದದ್ದು ಮಾತ್ರ ಊಟದ ಜೊತೆ ಕುಡಿದಷ್ಟೇ ನಷ್ಟ ಮಾಡಿತು. ಟೀ ಕುರಿತ ಇತ್ತೀಚಿನ ಪ್ರಯೋಗದಲ್ಲಿ ಒಂದು ಗಂಟೆಯ ಅಂತರದಿಂದ ನಷ್ಟ ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ. ಆದ್ದರಿಂದ ಊಟವಾದ ಮೇಲೆ ಎರಡು ಗಂಟೆ ಬಿಡುವುದು ಕ್ಷೇಮ. ಬೆಳಿಗ್ಗೆ ಆರಕ್ಕೆ ಎದ್ದ ಕೂಡಲೇ ಕುಡಿಯುವ ಲೋಟದಿಂದ ತೊಂದರೆ ಇಲ್ಲ. ಎಂಟೂವರೆಗೆ ಇಡ್ಲಿ–ವಡೆ ಮುಗಿಸಿ, ಕೈ ತೊಳೆಯುವ ಮೊದಲೇ ಬರುವ ಎರಡನೇ ಲೋಟದ್ದೇ ತಕರಾರು. ಅದನ್ನು ಹನ್ನೊಂದು ಗಂಟೆಗೆ ದೂಡಿ.

ಕಬ್ಬಿಣ ಹೆಚ್ಚು ದಕ್ಕಲು ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂಬ ಸಲಹೆ ಸರಿ, ಪ್ರಮಾಣ ಸಾಲದು. ಒಂದು ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 6 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ ಹೀರಿಕೆ ಚೆನ್ನಾಗಿ ಏರುತ್ತದೆ. ಮೇಲೆ ಹೇಳಿದ ಬೆಂಗಳೂರಿನ ಅಧ್ಯಯನದಲ್ಲಿ ಇಷ್ಟಕ್ಕೇ ಅದು ಮೂರು ಪಟ್ಟಿಗೂ ಹೆಚ್ಚಾಯಿತು. ಊಟದಲ್ಲಿ 5 ಮಿಲಿಗ್ರಾಂ ಕಬ್ಬಿಣವಿದ್ದರೆ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಅರ್ಧ ನಿಂಬೆಹಣ್ಣಿನಿಂದ ಬರುವ ಎರಡು ಟೀ ಚಮಚ ರಸದಲ್ಲಿ ಸಿಗುವುದು ನಾಲ್ಕೈದು ಮಿಲಿಗ್ರಾಂ. ಅದನ್ನೂ ಕುದಿಯುವ ಸಾರಿಗೆ ಹಿಂಡಿದರೆ ಒಂದಷ್ಟು ಅಲ್ಲೇ ಹಾಳಾಗುತ್ತದೆ. ಒಲೆ ಆರಿಸಿದ ಮೇಲೆ ಹಿಂಡಬೇಕು, ಚಿತ್ರಾನ್ನಕ್ಕೆ ಮಾಡುತ್ತೇವಲ್ಲ ಹಾಗೆ. ಇದಕ್ಕಿಂತ ಅರ್ಧ ಸೀಬೆಹಣ್ಣು ಮೇಲು: 50 ಗ್ರಾಂನಲ್ಲಿ ಸುಮಾರು 100 ಮಿಲಿಗ್ರಾಂ ಸಿಗುತ್ತದೆ. ಒಂದು ನೆಲ್ಲಿಕಾಯಿಯೂ ಆದೀತು. ಆದರೆ ಹಣ್ಣನ್ನು ಊಟದ ಜೊತೆಗೇ ತಿನ್ನಬೇಕು. ಸಂಜೆ ನಾಲ್ಕಕ್ಕೆ ತಿಂದ ಸೀಬೆಯಿಂದ ಮಧ್ಯಾಹ್ನದ ಸೊಪ್ಪಿನ ಹುಳಿಗೆ ಏನೂ ಉಪಯೋಗವಿಲ್ಲ.

ಇನ್ನು ರಾಗಿ. 100 ಗ್ರಾಂನಲ್ಲಿ 4.6 ಮಿಲಿಗ್ರಾಂ ಕಬ್ಬಿಣ. ಆದರೆ ಅದರ ಕೆಂಪು ಹೊಟ್ಟಿನಲ್ಲಿ ಟ್ಯಾನಿನ್, ಕಾಳಿನಲ್ಲಿ ಫೈಟೇಟ್ ಎಂಬ ಪದಾರ್ಥಗಳಿದ್ದು ಎರಡೂ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಮೊಳಕೆ ಬರಿಸಿದರೆ ಈ ಕಟ್ಟು ಸಡಿಲವಾಗುತ್ತದೆ. ಮೂರ್ನಾಲ್ಕು ನೀರಿನಲ್ಲಿ ತೊಳೆದು, 10–12 ಗಂಟೆ ನೆನೆಸಿ, ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, 24ರಿಂದ 36 ಗಂಟೆ ಇಡಬೇಕು. ನಡುನಡುವೆ ನೀರು ಚಿಮುಕಿಸಬೇಕು. ಮೊಳಕೆ ಕಾಲು ಅಂಗುಲ ಆದರೆ ಸಾಕು. ಬಿಗಿಯಾಗಿ ಕಟ್ಟಿದರೆ ಒಳಗೆ ಬಿಸಿಯೇರಿ ಹುಳಿ ವಾಸನೆ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಸಾಮಾನ್ಯ. ಹಿಡಿದರೆ ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಗಂಟನ್ನು ಪೂರ್ತಿ ಎಸೆಯಿರಿ. ಗರಿಗರಿ ಒಣಗಿಸಿ, ಕಹಿಯಾಗುವ ಬೇರುಗಳನ್ನು ತಿಕ್ಕಿ ಕೇರಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು ಮಿಲ್‌ಗೆ ಕೊಡಿ. ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು: ಮೊಳಕೆಯಲ್ಲಿ ಪಿಷ್ಟ ಒಡೆಯತೊಡಗಿರುತ್ತದೆ, ಆದ್ದರಿಂದ ಈ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಅವರಿಗೆ ಮಾಮೂಲಿ ಹಿಟ್ಟಿನ ಮುದ್ದೆಯೇ ವಾಸಿ, ಅದೂ ಅಳತೆಯಲ್ಲಿ.

ಆದರೆ ಹಿಮೋಗ್ಲೋಬಿನ್ ಆಗಲೇ ಇಳಿದಿದ್ದರೆ ಊಟದಿಂದಷ್ಟೇ ತುಂಬಿಕೊಡಲಾಗದು, ಮಾತ್ರೆ ಬೇಕು. ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅರ್ಧದಲ್ಲೇ ಬಿಡುವುದಕ್ಕೆ ಎರಡು ಕಾರಣ: ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು. ಕಪ್ಪಾಗುವುದರಿಂದ ಅಪಾಯವಿಲ್ಲ. ತೊಳಸಿದರೆ ಖಾಲಿ ಹೊಟ್ಟೆಯ ಬದಲು ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ನುಂಗಬಹುದು. ನೀರಿನಲ್ಲೇ ನುಂಗಿ, ಹಾಲು, ಕಾಫಿ ಬೇಡ. ಕ್ಯಾಲ್ಸಿಯಂ ಮತ್ತು ಗ್ಯಾಸ್ಟ್ರಿಕ್ ಮಾತ್ರೆಗಳನ್ನು ಇದರ ಜೊತೆಗೇ ನುಂಗಬಾರದು, ಕನಿಷ್ಠ ಎರಡು ಗಂಟೆ ಅಂತರವಿರಲಿ. ಬೇಗ ಗುಣವಾಗಲೆಂದು ತಾವಾಗಿಯೇ ದಿನಕ್ಕೆ ಎರಡು ಮೂರು ನುಂಗಿದರೆ ಅಷ್ಟು ಪಟ್ಟು ಲಾಭ ಸಿಗುವುದಿಲ್ಲ. ಒಂದು ಮಾತ್ರೆ ಹೊಟ್ಟೆಗೆ ಹೋದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರೆ ಮುಚ್ಚುತ್ತದೆ. ಗರ್ಭಿಣಿಯರಲ್ಲದವರಿಗೆ ದಿನ ಬಿಟ್ಟು ದಿನ ಕೊಡುವ ಪದ್ಧತಿ ಬಂದಿರುವುದು ಇದರಿಂದಲೇ. ಗರ್ಭಿಣಿಯರು ಮಾತ್ರ ವೈದ್ಯರು ಹೇಳಿದ ಕ್ರಮವನ್ನೇ ಪಾಲಿಸಲಿ.

ನಾಲ್ಕು ವಾರ ಸರಿಯಾಗಿ ನುಂಗಿದ ಮೇಲೆ ಹಿಮೋಗ್ಲೋಬಿನ್ 1 ಗ್ರಾಂ ಆದರೂ ಏರಬೇಕು. ಏರಿದರೆ, ಅಂಕಿ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಿದರಷ್ಟೇ ದೇಹದ ಉಗ್ರಾಣ ತುಂಬುತ್ತದೆ. ಏರದಿದ್ದರೆ ಕಾರಣ ಬೇರೆಲ್ಲೋ ಇದೆ: ಮುಟ್ಟಿನಲ್ಲಿ ಅತಿಯಾದ ಸ್ರಾವ, ಮೂಲವ್ಯಾಧಿ, ಕೊಕ್ಕೆಹುಳು, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಕೆಲವರಲ್ಲಿ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ. ಆಗ ಇನ್ನೊಂದು ಡಬ್ಬಿ ಖರ್ಜೂರ ತರುವ ಮೊದಲು ಫೆರಿಟಿನ್ (ದೇಹದ ಉಗ್ರಾಣದಲ್ಲಿ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ಮತ್ತು ಬಿ12 ಪರೀಕ್ಷೆ ಮಾಡಿಸಿ.

ಇತಿ,
ಪೋಷಣಾ ವಿಜ್ಞಾನದ ಇಬ್ಬರು ಅಧ್ಯಾಪಕಿಯರು, ಮೈಸೂರು