ಹಗಲು ಒಂದೇ ಅಂಗಳ, ರಾತ್ರಿ ಬೇರೆ ಗೂಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಅರಸೀಕೆರೆ ಮನೆಯ ಹಿಂದೆ ತೆಂಗಿನ ಮರಗಳ ನಡುವೆ ಹತ್ತಡಿ ಉದ್ದ, ಎಂಟಡಿ ಅಗಲದ ಕೋಳಿ ಶೆಡ್ಡು. ಮೇಲೆ ಶೀಟು, ಸುತ್ತ ಜಾಲರಿ. ಚೆನ್ನಾಗಿದೆ. ಕೆಳಗೆ ಬರೆದಿದ್ದು ಓದಿ ಮಾತ್ರ ನಗು ಬಂತು. 'ಗಿರಿರಾಜ ಹತ್ತು, ನಾಟಿ ಆರು, ಬೋಳು ಕತ್ತಿನದು ಎರಡು, ಬಾತು ನಾಲ್ಕು. ಎಲ್ಲಾ ಒಂದೇ ಶೆಡ್ಡಲ್ಲಿ. ಜಾಗ ಸಾಕಲ್ವಾ ಅಮ್ಮ?'

ಜಾಗ ಸಾಕು ಕಣೇ. ಆದರೆ ವಿಷಯ ಜಾಗದ್ದಲ್ಲ.

ಫೋನಲ್ಲೇ ಹೇಳಬಹುದಿತ್ತು. ನಮ್ಮ ಮೂಡಿಗೆರೆ ಕಡೆ ಸಿಗ್ನಲ್ ಹೇಗೆ ಅಂತ ನಿನಗೆ ಗೊತ್ತು. ಕಾಫಿ ಕಣದ ಮೂಲೆಯಲ್ಲಿ ನಿಂತು ಕೂಗಾಡಿದರೂ ಮಾತು ಅರ್ಧಕ್ಕೇ ಕಟ್ ಆಗುತ್ತದೆ. ಅದೂ ಅಲ್ಲದೆ ಒಂದು ವಿಷಯವನ್ನು ಫೋನಲ್ಲಿ ಹೇಳೋಕೆ ನನಗೆ ಧೈರ್ಯ ಸಾಲದು. ಅದಕ್ಕೇ ಕಾಗದ ಹಿಡಿದು ಕೂತೆ.

ಮೊದಲು ಬಾತಿನ ಬುದ್ಧಿ ಕೇಳು. ಬೆಳಿಗ್ಗೆ ನಾನು ಗೂಡಿನ ಬಾಗಿಲು ತೆಗೆದರೆ ಕೋಳಿಗಳು ಒಂದೊಂದಾಗಿ ಇಳಿದು, ಮೈ ಮುರಿದು, ರೆಕ್ಕೆ ಬಡಿದು ಹೊರಡುತ್ತವೆ. ಬಾತುಗಳಿಗೆ ಅಷ್ಟು ವ್ಯವಧಾನ ಎಲ್ಲಿ! ಸಾಲುಗಟ್ಟಿ, ಹೊಟ್ಟೆ ಅಲ್ಲಾಡಿಸಿಕೊಂಡು, ನೇರ ನೀರಿನ ಟಬ್ಬಿಗೇ ಓಟ. ಕಣ್ಣು ಮುಳುಗುವ ತನಕ ತಲೆ ಅದ್ದುತ್ತವೆ. ಮೂಗಿನಿಂದ ಬುಳುಬುಳು ಗುಳ್ಳೆ ಬಿಡುತ್ತವೆ. ಆಮೇಲೆ ತಲೆ ಎತ್ತಿ ಒಂದು ಸಲ ಕೊಡವಿದರೆ ಪಕ್ಕದಲ್ಲಿರುವ ಕೋಳಿಗೆಲ್ಲಾ ಸ್ನಾನ. ಬಾಯಿ ತುಂಬ ತಿಂಡಿ ತಂದು ಅದೇ ನೀರಿಗೆ ಉಗುಳಿ, ಕಲಸಿ, ಕುಡಿಯುತ್ತವೆ. ಹತ್ತು ನಿಮಿಷ ಕಳೆದರೆ ಅದು ನೀರಲ್ಲ, ಗಂಜಿ. ಕೋಳಿ ಅದನ್ನು ಓರೆಗಣ್ಣಲ್ಲಿ ನೋಡಿ, ಒಂದು ಹನಿಯೂ ಮುಟ್ಟದೆ ಹೋಗುತ್ತದೆ.

ಸುಮ್ನೆ ಕೊಬ್ಬು ಅಂತ ಅಂದುಕೊಳ್ಳಬೇಡ. ಕೊಕ್ಕು, ಕಣ್ಣು, ಮೂಗಿನ ತೂತು ತೊಳೆದುಕೊಳ್ಳೋಕೆ ಬಾತಿಗೆ ತಲೆ ಮುಳುಗುವಷ್ಟು ನೀರು ಬೇಕೇ ಬೇಕು. ಕೆರೆ ಬೇಕಿಲ್ಲ. ನಿಮ್ಮ ಕಡೆ ನೀರಿಗೆ ಕಷ್ಟ, ಒಂದು ಅಗಲದ ಟಬ್ಬು ಸಾಕು. ದಿನಾ ಆ ಕೊಳೆ ನೀರನ್ನು ತೆಂಗಿನ ಪಾತಿಗೆ ಸುರಿ. ಒಂದೊಂದು ದಿನ ಒಂದೊಂದು ಮರಕ್ಕೆ. ಕೋಳಿಗೆ ಬೇರೆ ಪಾತ್ರೆ ಇಟ್ಟಿಗೆ ಮೇಲೆ, ಬಾತಿನ ಕೊಕ್ಕಿಗೆ ಎಟುಕದ ಹಾಗೆ ಎತ್ತರದಲ್ಲಿಡು.

ರಾತ್ರಿಯ ಕಥೆಯೂ ಇದೇ. ಕೋಳಿ ಮೇಲೆ ಅಡ್ಡಗೋಲಿನ ಮೇಲೆ ಕೂರುತ್ತದೆ. ಬಾತು ನೆಲದಲ್ಲಿ ಮಲಗುತ್ತದೆ. ಮೇಲಿನವರ ಹಿಕ್ಕೆ ಕೆಳಗಿನವರ ಬೆನ್ನಿಗೆ. ಕೆಳಗಿನವರ ಹಿಕ್ಕೆಯೋ ಬರೀ ನೀರು. ಹಾಸಿದ ಭತ್ತದ ಹೊಟ್ಟು ಎರಡೇ ದಿನಕ್ಕೆ ನೆನೆದು ಕಣ್ಣು ಉರಿಯುವ ನಾತ ಹೊಡೆಯುತ್ತದೆ. ಆ ಗಾಳಿ ಕುಡಿದ ಕೋಳಿಗಳಿಗೆ ಗೊರಗೊರ ಶುರುವಾಗುತ್ತದೆ. ಆದ್ದರಿಂದ ಶೆಡ್ಡಿನ ನಡುವೆ ಒಂದು ಜಾಲರಿ ಗೋಡೆ ಹಾಕಿಸು. ಬಾತಿನ ಪಾಲಿಗೆ ಎರಡನೇ ಬಾಗಿಲು ಇಡಿಸು. ಹಗಲೆಲ್ಲಾ ಒಂದೇ ಅಂಗಳದಲ್ಲಿ ಮೇಯಲಿ, ಅದರಲ್ಲಿ ತೊಂದರೆ ಇಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕೋಳಿಗಳು ಜಗಲಿ ಕೆಳಗೆ ಮುಖ ಊದಿಸಿಕೊಂಡು ನಿಂತಿದ್ದರೆ, ಬಾತುಗಳು ತೋಟದಲ್ಲಿ ಬಸವನಹುಳದ ಮರಿ ಹುಡುಕಿ ನುಂಗುತ್ತಾ ಇರುತ್ತವೆ. ಜಗಳವೇ ಇಲ್ಲ.

ಬೆಳಿಗ್ಗೆ ಎಂಟೂವರೆ ತನಕ ಬಾತುಗಳನ್ನು ಹೊರಗೆ ಬಿಡಬೇಡ. ಅವು ಮೊಟ್ಟೆ ಇಡೋದು ನಸುಕಿನಲ್ಲಿ. ಬೇಗ ಬಿಟ್ಟರೆ ಎಲ್ಲೆಂದರಲ್ಲಿ ಇಟ್ಟು ಮರೆತು ಬರುತ್ತವೆ. ನಿಮ್ಮಪ್ಪ ಒಂದು ಸಲ ಏಲಕ್ಕಿ ಬುಡದಲ್ಲಿ ಹದಿನೊಂದು ಮೊಟ್ಟೆ ಕಂಡು, ಯಾವುದೋ ಕಾಡುಹಕ್ಕಿಯದು ಅಂತ ಮುಟ್ಟದೆ ಬಂದಿದ್ದರು.

ಈಗ ಮರಿಗಳ ವಿಷಯ. ಒಂದು ವರ್ಷ ಹನ್ನೆರಡು ಕೋಳಿ ಪಿಳ್ಳೆ, ಐದು ಬಾತು ಮರಿ ಎಲ್ಲವನ್ನೂ ಒಂದೇ ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ ಅರವತ್ತು ವ್ಯಾಟಿನ ಬಲ್ಬು ತೂಗು ಹಾಕಿ ಮಲಗಿದ್ದೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು ಅಂತ ಲೆಕ್ಕ ಹಾಕಿ ಬಲ್ಬಿನ ಎತ್ತರ ಸರಿ ಮಾಡಿದ್ದೆ. ಅದೆಲ್ಲಾ ಸರಿ. ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆಯ ತಳ ಪೂರ್ತಿ ಒದ್ದೆ. ಕೋಳಿ ಪಿಳ್ಳೆಗಳು ನೆಂದು, ಬೆರಳಿನಷ್ಟಾಗಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಮೂರು ಸತ್ತಿದ್ದವು. ಬಾತು ಮರಿಗಳು ಮಾತ್ರ ಆ ಕೆಸರಿನ ನಡುವೆ ಕೂತು, ತಿಂಡಿ ಎಲ್ಲಿ ಅಂತ ನನ್ನನ್ನೇ ಕೇಳುತ್ತಿದ್ದವು. ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಪೆಟ್ಟಿಗೆ, ಎರಡು ಬಲ್ಬು. ಕೋಳಿ ಪಿಳ್ಳೆಯ ನೀರಿನ ತಟ್ಟೆಗೆ ಬೆಣಚುಕಲ್ಲು ಹಾಕಿಡು, ಇಲ್ಲದಿದ್ದರೆ ಅದರಲ್ಲೇ ಬಿದ್ದು ಸಾಯುತ್ತವೆ.

ತಿಂಡಿಯಲ್ಲೂ ಒಂದು ವ್ಯತ್ಯಾಸ ಇದೆ. ಬಾತು ಮರಿಗೆ ನಯಾಸಿನ್ ಅನ್ನೋ ಬಿ ವಿಟಮಿನ್ ಕೋಳಿ ಪಿಳ್ಳೆಗಿಂತ ಜಾಸ್ತಿ ಬೇಕು. ಬರೀ ಕೋಳಿ ಪಿಳ್ಳೆಯ ತಿಂಡಿ ಹಾಕಿ ಬೆಳೆಸಿದರೆ ಅದು ಸಾಲದೆ ಕಾಲು ಸೊಟ್ಟಗಾಗಬಹುದು. ನನ್ನದೊಂದು ಮರಿ ಮೂರನೇ ವಾರ ಮಂಡಿ ಊರಿಕೊಂಡು ತೆವಳೋಕೆ ಶುರು ಮಾಡಿತು. ದನದ ಡಾಕ್ಟರು ಹೇಳಿದಂತೆ ಬಿ ಕಾಂಪ್ಲೆಕ್ಸ್ ಹನಿಯನ್ನು ನೀರಿಗೆ ಬೆರೆಸಿ ಕೊಟ್ಟೆ, ಬೆಂದ ಬಟಾಣಿ, ಪುಡಿ ಮಾಡಿದ ಒಣ ಮೀನು ಹಾಕಿದೆ. ಬೇಗ ಕಂಡುಕೊಂಡಿದ್ದಕ್ಕೆ ಎದ್ದು ಓಡಾಡಿತು. ತಡ ಮಾಡಿದ್ದರೆ ಹಾಗೇ ಉಳಿಯುತ್ತಿತ್ತು.

ಜಾತಿಗಳ ವಿಷಯಕ್ಕೆ ಬರ್ತೀನಿ. ಗಿರಿರಾಜ ನಮ್ಮ ಹೆಬ್ಬಾಳದ್ದೇ ಕೂಸು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದ ತಳಿ. ಮೈ ತುಂಬಿಕೊಳ್ಳುತ್ತದೆ, ನಾಟಿಯ ಎರಡರಷ್ಟು ಮೊಟ್ಟೆ ಇಡುತ್ತದೆ. ಕಾವಿಗೆ ಕೂರೋದು ಮಾತ್ರ ಅದಕ್ಕೆ ಬೇಡ. 'ಹೆರೋದು ಗೊತ್ತು, ಸಾಕೋದು ಗೊತ್ತಿಲ್ಲ' ಅಂತ ನಿಮ್ಮಜ್ಜಿ ಬೈಯುತ್ತಿದ್ದರು. ನಾಟಿ ಹೇಟೆ ಹಾಗಲ್ಲ, ಕಲ್ಲು ಕೊಟ್ಟರೂ ಕಾವು ಕೊಡುತ್ತದೆ. ನಿನ್ನ ಆರು ನಾಟಿಗಳೇ ಎಲ್ಲರ ಮಕ್ಕಳನ್ನೂ ಹೊರಬೇಕು. ಇನ್ನೊಂದು ಮಾತು, ನಿನ್ನ ಗಿರಿರಾಜದ ಮೊಟ್ಟೆ ಮರಿಯಾದರೆ ಮತ್ತೆ ಅಂಥದ್ದೇ ಗಿರಿರಾಜ ಆಗುತ್ತದೆ ಅಂತ ಕಾಯಬೇಡ. ಅದು ಬೆರಕೆ ತಳಿ, ಮುಂದಿನ ಪೀಳಿಗೆಯಲ್ಲಿ ಗುಣ ಚದುರಿಹೋಗುತ್ತದೆ. ನಿನ್ನ ಬೋಳು ಕತ್ತಿನ ಹುಂಜ ಸೇರಿತೋ, ಅದರ ಮರಿಗಳಲ್ಲಿ ಅರ್ಧಕ್ಕಾದರೂ ಕತ್ತು ಬೋಳು. ಅಷ್ಟು ಬಲವಾದ ಗುಣ ಅದು. ಕಳೆದ ವರ್ಷ ನನ್ನ ಕೆಂಪು ಹೇಟೆಯ ರೆಕ್ಕೆ ಕೆಳಗಿನಿಂದ ಒಂದು ಕರಿ, ಒಂದು ಪಟ್ಟೆ, ಎರಡು ಬೋಳು ಕತ್ತಿನ ಮರಿ ಇಣುಕಿದ್ದವು. ನನಗೆ ಆ ಬೆರಕೆಯೇ ಇಷ್ಟ. ಗಟ್ಟಿಯಾಗಿರುತ್ತವೆ, ಒಂದನ್ನು ಇನ್ನೊಂದರಿಂದ ಗುರುತು ಹಿಡಿಯೋದೂ ಸುಲಭ. ಕಡಕ್‌ನಾಥ್ ತಗೋ ಅಂತ ಯಾರಾದರೂ ಕರಿ ಮೊಟ್ಟೆ ತೋರಿಸಿದರೆ ವಾಪಸ್ ಕಳಿಸು. ಆ ಕೋಳಿಯ ಮಾಂಸ ಕಪ್ಪು, ಮೊಟ್ಟೆ ಅಲ್ಲ.

ಹೇಟೆಯ ಕೆಳಗೆ ಬಾತಿನ ಮೊಟ್ಟೆ ಇಡೋದರಲ್ಲೂ ಒಂದು ಲೆಕ್ಕ ಇದೆ. ಕೋಳಿ ಮೊಟ್ಟೆಗೆ 21 ದಿನ, ಬಾತಿನ ಮೊಟ್ಟೆಗೆ 28. ಮೊದಲ ಸಲ ಎರಡನ್ನೂ ಒಂದೇ ದಿನ ಇಟ್ಟಿದ್ದೆ. ಪಿಳ್ಳೆಗಳು ಒಡೆದು ಬಂದವು, ಎರಡು ದಿನಕ್ಕೆ ಹೇಟೆ ಅವುಗಳನ್ನು ಕರೆದುಕೊಂಡು ಹೊರಟೇ ಬಿಟ್ಟಿತು. ಉಳಿದ ಬಾತಿನ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿದರೆ ಒಳಗೆ ಕಪ್ಪಗೆ ಏನೋ ಮಿಸುಕಿತು. ಒಲೆ ಪಕ್ಕ ಹುಲ್ಲಿನಲ್ಲಿ ಸುತ್ತಿಟ್ಟೆ. ಉಳಿಯಲಿಲ್ಲ.

ಇನ್ನು ಫೋನಲ್ಲಿ ಹೇಳಲಾಗದ್ದು.

ನೀನು ಹಾಸನದ ಹಾಸ್ಟೆಲಿಗೆ ಹೋದ ವರ್ಷ ಚುಕ್ಕಿ ಕೋಳಿಯನ್ನು ಕಬ್ಬೆಕ್ಕು ಹಿಡಿಯಿತು ಅಂತ ಹೇಳಿದ್ದೆ ಅಲ್ವಾ? ಸುಳ್ಳು. ಕಬ್ಬೆಕ್ಕೂ ಬಂದಿರಲಿಲ್ಲ, ಏನೂ ಬಂದಿರಲಿಲ್ಲ. ಸಂತೆಯಲ್ಲಿ ಐದು ಹೇಟೆ ಕಡಿಮೆ ಬೆಲೆಗೆ ಸಿಕ್ಕವು. ತಂದವಳೇ ಸೀದಾ ನಮ್ಮ ಕೋಳಿಗಳ ಜೊತೆ ಬಿಟ್ಟೆ. ಬೇರೆ ಇಡು ಅಂತ ನಿಮ್ಮಪ್ಪ ಹೇಳಿದ್ದರು, ಎಲ್ಲಿ ಇಡಲಿ ಅಂತ ಅವರ ಮೇಲೇ ರೇಗಿದ್ದೆ. ವಾರದೊಳಗೆ ಸಂತೆ ಕೋಳಿಯೊಂದು ಹಸಿರು ಭೇದಿ ಮಾಡಿ ತೂಕಡಿಸಿತು. ಆಮೇಲೆ ನಮ್ಮವು. ಬಾಯಿ ತೆರೆದು ಉಸಿರು ಎಳೆಯುತ್ತಿದ್ದವು. ಚುಕ್ಕಿಯ ಕತ್ತು ತಿರುಚಿಕೊಂಡಿತ್ತು. ಅಕ್ಕಿ ಹಾಕಿದರೆ ಕುಕ್ಕೋಕೆ ಹೋಗಿ, ತಲೆ ಬೆನ್ನ ಕಡೆ ಹೊರಳಿ, ಬರೀ ಗಾಳಿಯನ್ನು ಕುಕ್ಕುತ್ತಿತ್ತು. ಎರಡು ದಿನ ಮಡಿಲಲ್ಲಿಟ್ಟು ಹನಿಹನಿ ನೀರು ಬಿಟ್ಟೆ. ಕೊಕ್ಕರೆ ರೋಗ ಅದು, ರಾಣಿಖೇತ್ ಅಂತಾರೆ. ಬಂದ ಮೇಲೆ ಔಷಧಿ ಇಲ್ಲ. ಹದಿನೆಂಟು ಕೋಳಿಯಲ್ಲಿ ಎರಡು ಉಳಿದವು. ಬಾತುಗಳು ಅದೇ ಅಂಗಳದಲ್ಲಿ ಏನೂ ಆಗದವರಂತೆ ಓಡಾಡುತ್ತಿದ್ದವು. ಅವುಗಳಿಗೆ ಈ ರೋಗ ಸಾಮಾನ್ಯವಾಗಿ ಬಾಧಿಸಲ್ಲ, ಆದರೆ ವೈರಸ್ಸನ್ನು ಹೊತ್ತು ತಿರುಗಬಲ್ಲವು ಅಂತ ಆಮೇಲೆ ಗೊತ್ತಾಯಿತು.

ಬಾಗಿಲು ಸರಿ ಮಾಡಿಸಲಿಲ್ಲ, ಅದಕ್ಕೇ ಕಬ್ಬೆಕ್ಕು ನುಗ್ಗಿತು ಅಂತ ನೀನು ಎರಡು ವಾರ ಅಪ್ಪನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವರು ಒಂದು ಮಾತೂ ಎತ್ತಲಿಲ್ಲ. ಸುಮ್ಮನೆ ಬಾಗಿಲಿಗೆ ಹೊಸ ಅಗುಳಿ ಹಾಕಿಸಿದರು. ಅದು ಈಗಲೂ ಇದೆ, ದಿನಾ ಸಂಜೆ ಹಾಕುವಾಗ ನನ್ನ ಕೈಗೆ ಸಿಗುತ್ತದೆ.

ಹೊಸ ಕೋಳಿ ಯಾವುದೇ ಬರಲಿ, ಮೂರು ವಾರ ದೂರ ಇಡು. ಆಮೇಲೆ ಒಂದು ವಾರ ಜಾಲರಿಯ ಆ ಕಡೆ ಈ ಕಡೆ ಇಟ್ಟು ಮುಖ ಪರಿಚಯ ಮಾಡಿಸು. ಸೇರಿಸೋದು ಕತ್ತಲಾದ ಮೇಲೆ, ಅಡ್ಡಗೋಲಿನ ಮೇಲೆ ಕೂರಿಸಿ. ಬೆಳಿಗ್ಗೆ ಕುಕ್ಕಾಟ ಇದ್ದೇ ಇರುತ್ತದೆ, ತಿಂಡಿಯನ್ನು ಮೂರು ಕಡೆ ಹಾಕಿದರೆ ಕಡಿಮೆಯಾಗುತ್ತದೆ. ಕೊಕ್ಕರೆ ರೋಗದ ಲಸಿಕೆ ಮರೆಯಬೇಡ. ಪಿಳ್ಳೆಗೆ ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದು ಹನಿ, ತಿಂಗಳಾಗುವಾಗ ಇನ್ನೊಂದು ಸಲ, ಎಂಟನೇ ವಾರ ರೆಕ್ಕೆ ಕೆಳಗೆ ಸೂಜಿ. ಮದ್ದಿನ ಬಾಟಲಿಯನ್ನು ಐಸಿನಲ್ಲಿಟ್ಟು ತಾ. ಒಂದು ಬಾಟಲಿ ನೂರು ಕೋಳಿಗೆ ಬರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೆ ಇಲ್ಲಿ ನಾವು ಐದಾರು ಮನೆಯವರು ಒಂದೇ ದಿನ ಮಂಕರಿ ಹೊತ್ತು ಸೇರುತ್ತೇವೆ. ಮದ್ದಿಗಿಂತ ಕಾಫಿಯೇ ಜಾಸ್ತಿ ಖರ್ಚು. ಒಮ್ಮೆಲೇ ಸುಮಾರು ಕೋಳಿ ಸತ್ತರೆ ಮಾತ್ರ ಕೊಯ್ಯೋದು, ಮಾರೋದು ಮಾಡದೆ ಪಶು ಆಸ್ಪತ್ರೆಗೆ ಹೇಳು. 2020ರಲ್ಲಿ ಮೈಸೂರಿನಲ್ಲಿ ಹಕ್ಕಿಜ್ವರ ಬಂದಿದ್ದು ನೆನಪಿದೆಯಲ್ಲ. ಬಾತು ಅದನ್ನೂ ಸದ್ದಿಲ್ಲದೆ ಹೊರಬಲ್ಲದು.

ನಿನ್ನ ನಾಲ್ಕು ಬಾತಿನಲ್ಲಿ ಗಂಡು ಎಷ್ಟು ಅಂತ ಬರೆದಿಲ್ಲ. ಬಾಲದಲ್ಲಿ ಒಂದು ಗರಿ ಸುರುಳಿ ಸುತ್ತಿದ್ದರೆ, ದನಿ ಗೊಗ್ಗರಾಗಿದ್ದರೆ ಗಂಡು. ಊರಿಗೆಲ್ಲಾ ಕೇಳುವ ಹಾಗೆ ಕ್ವಾಕ್ ಕ್ವಾಕ್ ಅನ್ನೋದು ಹೆಣ್ಣು. ಒಂದೇ ಗಂಡು ಇಟ್ಟುಕೋ. ಗಂಡು ಜಾಸ್ತಿ ಆದರೆ ಹೇಟೆಗಳ ಮೇಲೆ ಬೀಳುತ್ತವೆ. ಬಾತಿನ ಮೈ ರಚನೆ ಹುಂಜದ ಹಾಗಲ್ಲ, ಹೇಟೆಗೆ ಒಳಗೆ ಗಾಯವಾಗಿ ಸಾಯಲೂಬಹುದು. ಮುಂಗುಸಿ ನುಗ್ಗದ ಹಾಗೆ ಜಾಲರಿಯನ್ನು ನೆಲದೊಳಗೆ ಒಂದಡಿ ಹೂಳಿಸು.

ಇಲ್ಲಿ ಕೆಂಪು ಹೇಟೆ ಕಾವಿಗೆ ಕೂತಿದೆ. ನವೆಂಬರ್ 10ಕ್ಕೆ ಬಾತಿನ ಮೊಟ್ಟೆ ನಾಲ್ಕು ಇಟ್ಟೆ, ಪೆನ್ಸಿಲಿನಲ್ಲಿ ಗೀಟು ಹಾಕಿದ್ದೇನೆ. 17ಕ್ಕೆ ಕೋಳಿ ಮೊಟ್ಟೆ ಆರು ಸೇರಿಸುತ್ತೇನೆ. ಹೇಟೆ ಏಳಬಾರದು ಅಂತ ಅಪ್ಪ ದಿನಾ ಗೂಡಿನ ಹತ್ತಿರವೇ ರಾಗಿ ಇಟ್ಟು ಬರುತ್ತಾರೆ. ಕೊನೆಯ ವಾರ ಬಾತಿನ ಮೊಟ್ಟೆಗೆ ಬೆಚ್ಚಗಿನ ನೀರು ಚಿಮುಕಿಸಬೇಕು, ಅದನ್ನೂ ಅವರೇ ಮಾಡ್ತಾರಂತೆ. ಎಲ್ಲಾ ಸರಿ ಹೋದರೆ ಡಿಸೆಂಬರ್ 8ಕ್ಕೆ ಎರಡೂ ಒಡೆಯುತ್ತವೆ. ರಜೆ ಹಾಕಿ ಬಾ. ಬರುವಾಗ ತೂತು ಮಾಡಿದ ರಟ್ಟಿನ ಪೆಟ್ಟಿಗೆ ತಾ, ಎರಡು. ಒಂದರಲ್ಲೇ ಆಗುತ್ತೆ ಬಿಡಮ್ಮ ಅನ್ನಬೇಡ.

ನಿನ್ನ
ಅಮ್ಮ