ಮೊದಲು ಲದ್ದಿ ತನ್ನಿ, ಆಮೇಲೆ ಜಂತಿನ ಔಷಧ

ವಿಜಯಪುರ

ಕುದುರೆ ಸಾಕುವ ನಮ್ಮ ಸಂಘದ ಗ್ರಾಹಕರಿಗೆ ನಮಸ್ಕಾರ.

ಸಂಕ್ರಾಂತಿ, ಯುಗಾದಿ, ಕಾರಹುಣ್ಣಿಮೆ, ದಸರಾ ಅಂತ ವರ್ಷಕ್ಕೆ ನಾಲ್ಕು ಸಲ ಜಂತಿನ ಔಷಧ ಒಯ್ಯುವುದು ನಿಮಗೂ ರೂಢಿ, ಕೊಡುವುದು ನಮಗೂ ರೂಢಿ. ಈ ಕಾರಹುಣ್ಣಿಮೆಯಿಂದ ಅದು ಬಂದ್. ಮೊದಲು ಲದ್ದಿ ತರಬೇಕು. ಹುಳದ ತತ್ತಿ ಎಣಿಸಿ, ಡಾಕ್ಟರು ಚೀಟಿ ಬರೆದರೆ ಔಷಧ.

ಕಾರಣ ಕೇಳಿ. ಹೋದ ಮಳೆಗಾಲದಲ್ಲಿ ಗೋಳಗುಮ್ಮಟದ ಕಡೆ ಟಾಂಗಾ ಹೊಡೆಯುವ ಸದಸ್ಯರೊಬ್ಬರ ಎರಡು ಕುದುರೆಗಳ ಲದ್ದಿ ನೋಡಿದೆವು. ಒಂದೇ ಲಾಯ, ಒಂದೇ ಮೇವು. ಪಕ್ಕೆಲುಬು ಎಣಿಸುವಂತಿದ್ದ ಮುದಿ ಗಂಡಿನಲ್ಲಿ ಗ್ರಾಂಗೆ 50 ತತ್ತಿ, ಮೈ ಮಿಂಚುವ ಹೆಣ್ಣಿನಲ್ಲಿ 850! ಗಂಡು ಸೊರಗಿದ್ದು ಹುಳದಿಂದಲ್ಲ, ಓರೆಯಾಗಿ ಸವೆದ ದವಡೆ ಹಲ್ಲಿನಿಂದ. ಅದಕ್ಕೆ ವರ್ಷಗಟ್ಟಲೆ ಜಂತಿನ ಔಷಧ ಮಾರಿದವರು ನಾವೇ.

ಬೆಳೆದ ಕುದುರೆಗಳಲ್ಲಿ ಸುಮಾರು ಐದಕ್ಕೊಂದು ಮಾತ್ರ ಹೆಚ್ಚಿನ ತತ್ತಿ ಉದುರಿಸುತ್ತದೆ. ಎಲ್ಲಕ್ಕೂ ಕುಡಿಸುತ್ತ ಹೋದರೆ ಔಷಧಕ್ಕೆ ಬಗ್ಗದ ಹುಳವಷ್ಟೇ ಉಳಿದು ಸಂತತಿ ಬೆಳೆಸುತ್ತದೆ. ಜಗತ್ತಿನ ಬಹಳ ಕಡೆ ಸಣ್ಣ ಸ್ಟ್ರಾಂಗೈಲ್ ಎಂಬ ಕರುಳಿನ ಹುಳಕ್ಕೆ ಫೆನ್‌ಬೆಂಡಜೋಲ್ ಎಂಬ ಜಂತಿನ ಔಷಧ ನಾಟದಂತಾಗಿದ್ದು ಹೀಗೆಯೇ.

ನಾಲ್ಕು ಗ್ರಾಂ ಲದ್ದಿಯನ್ನು 56 ಮಿ.ಲೀ. ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಗೆರೆ ಎಳೆದ ಗಾಜಿನ ಪಟ್ಟಿಗೆ ತುಂಬುತ್ತೇವೆ. ತತ್ತಿ ತೇಲುತ್ತದೆ. ಮೈಕ್ರೋಸ್ಕೋಪಿನಲ್ಲಿ ಕಂಡ ಒಂದು ತತ್ತಿ ಅಂದರೆ ಗ್ರಾಂಗೆ 50. ಆ ಹೆಣ್ಣಿನದರಲ್ಲಿ ಕಂಡದ್ದು 17. ಬೆಳೆದ ಕುದುರೆಯಲ್ಲಿ 200ರ ಒಳಗಿದ್ದರೆ ಸಾಮಾನ್ಯವಾಗಿ ಔಷಧವಿಲ್ಲ, 500 ದಾಟಿದರೆ ಉಂಟು, ನಡುವಿನದನ್ನು ಡಾಕ್ಟರು ನೋಡಿ ಹೇಳುತ್ತಾರೆ. ಔಷಧ ಕೊಟ್ಟ 14 ದಿನಕ್ಕೆ ಮತ್ತೆ ಲದ್ದಿ ತಂದರೆ ಅದು ನಾಟಿತೋ ಇಲ್ಲವೋ ಗೊತ್ತಾಗುತ್ತದೆ.

ಆಗತಾನೆ ಹಾಕಿದ ಲದ್ದಿಯ ಮಣ್ಣು ತಾಗದ ಎರಡು ಉಂಡೆ ಸಾಕು. ಪ್ಲಾಸ್ಟಿಕ್ ಚೀಲದ ಗಾಳಿ ಹಿಂಡಿ ಕಟ್ಟಿ, ಅದೇ ದಿನ ತನ್ನಿ. ನಮ್ಮೂರ ಬಿಸಿಲಲ್ಲಿ ಗಾಡಿಯ ಡಿಕ್ಕಿಯೊಳಗೆ ಇಟ್ಟು ಮರೆತರೆ ಎಣಿಕೆ ಸುಳ್ಳಾಗುತ್ತದೆ.

ತತ್ತಿ ಕಾಣದಿದ್ದರೆ ಹುಳವೇ ಇಲ್ಲವೆಂದಲ್ಲ. ಕರುಳಿನ ಗೋಡೆಯಲ್ಲಿ ಅಡಗಿದ ಮರಿಹುಳ ತತ್ತಿ ಇಡುವುದಿಲ್ಲ, ಲಾಡಿಹುಳದ ತತ್ತಿ ಎಷ್ಟೋ ಸಲ ಸಿಗುವುದೂ ಇಲ್ಲ. ಅದಕ್ಕಾಗಿ ಮಳೆ ಮುಗಿದ ಮೇಲೆ ಒಂದು ಸಲ ಎಲ್ಲ ಕುದುರೆಗೂ ಔಷಧ ಇದ್ದೇ ಇದೆ. ಕುದುರೆ ಮರಿಗಳಿಗೆ ಈ ಲೆಕ್ಕ ಬೇಡ. ಅವುಗಳ ದುಂಡುಹುಳದ ಕಾಟವೇ ಬೇರೆ, ಡಾಕ್ಟರು ಹೇಳಿದ ವೇಳೆಗೆ ಕೊಡಿಸಿ.

ಇನ್ನೊಂದು ಮಾತು: ದನಕ್ಕೆ ಜಂತಿಗೆ ಕೊಡುವ ಐವರ್ಮೆಕ್ಟಿನ್ ಇಂಜೆಕ್ಷನ್ ಅಗ್ಗವೆಂದು ಕುದುರೆಗೆ ಕೇಳಬೇಡಿ, ಕೊಡುವುದಿಲ್ಲ. ಚುಚ್ಚಿದ ಜಾಗ ಬಾತು ಜೀವಕ್ಕೇ ಕುತ್ತಾದೀತು.

ಕಾರಹುಣ್ಣಿಮೆ ಔಷಧಕ್ಕೆ ಮುಂಗಡ ಕಟ್ಟಿದವರ ಹಣ ಖಾತೆಯಲ್ಲೇ ಇದೆ. ವಾಪಸ್ ಬೇಕಾದರೆ ಪಾವತಿ ರಸೀದಿ ತನ್ನಿ, ಬೇಡವಾದರೆ ಪರೀಕ್ಷೆಯ ಖರ್ಚಿಗೆ ಹಿಡಿಯುತ್ತೇವೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ